ಹಿಂದಿನ ಗಾಲಿಯ ಗಾಡಿ: ಎರಿಯ ರಾಡಿಯಲ್ಲಿ, ಮಾಂಟ್ರಿಯಲ್ಲಿನ ಹಿಮದಲ್ಲಿ

ಎಂಜಿನ್ನಿನ ಜೋರು ಮುಂದಿನ ಗಾಲಿಗಳ ಬದಲು ಹಿಂದಿನ ಗಾಲಿಗಳಿಗೆ ಹೋಗುವ ಗಾಡಿಗಳು ಪೇಟೆಯೊಳಗೆ ಕಡಿಮೆಯಾದವು. ಆದರೆ ಗದಗ, ಧಾರವಾಡ ಜಿಲ್ಲೆಗಳ ಹಳ್ಳಿ ದಾರಿಗಳಲ್ಲಿ ಇವತ್ತಿಗೂ ಅವುಗಳದ್ದೇ ದರ್ಬಾರು. ರೋಣ, ನರಗುಂದ, ನವಲಗುಂದದ ಬಸ್‌ಸ್ಟ್ಯಾಂಡ್ ಹೊರಗೆ ಸೀಟು ತುಂಬುವ ತನಕ ಊರ ಹೆಸರು ಕೂಗುತ್ತ ನಿಲ್ಲುವ ಕ್ರೂಸರ್, ಎಪಿಎಂಸಿಗೆ ಉಳ್ಳಾಗಡ್ಡಿ ಹೇರಿಕೊಂಡು ಬರುವ ಬೊಲೆರೊ ಪಿಕಪ್, ಸಾಮಾನು ಹೊರುವ ಟಾಟಾ ಏಸ್, ಬೀಗರನ್ನೆಲ್ಲ ತುರುಕಿಕೊಂಡು ಮದುವೆಗೆ ಹೊರಡುವ ಹಳೆಯ ಓಮ್ನಿ, ಎಲ್ಲವೂ ಹಿಂದಿನಿಂದ ನೂಕಿಸಿಕೊಂಡು ಹೋಗುವಂಥವೇ. ನಮ್ಮ ವಾಯವ್ಯ ಸಾರಿಗೆಯ ಬಸ್ಸೂ ಅಷ್ಟೇ, ಹೊಲದ ಟ್ರ್ಯಾಕ್ಟರೂ ಅಷ್ಟೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ಮುಂಚೆ ರಸ್ತೆಯ ಮೇಲಿದ್ದ ಅಂಬಾಸಿಡರ್, ಪದ್ಮಿನಿಗಳೂ ಇದೇ ಜಾತಿಯವು. ಎಂಜಿನ್ ಮುಂದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗೆ ಉಬ್ಬಿಕೊಂಡ ಡಿಫ್ರೆನ್ಶಿಯಲ್. ಮಾರುತಿ ಇದನ್ನೆಲ್ಲ ಮುಂದಕ್ಕೆ ಎಳೆದುಕೊಂಡು ಮುಂದಿನ ಗಾಲಿಗಳಿಗೇ ಜೋಡಿಸಿತು. ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಸ್ಟೇರಿಂಗ್ ಹಿಡಿಯುವ ಹುಡುಗ ಹುಡುಗಿಯರು ಹಿಂದಿನ ಗಾಲಿಯ ಗಾಡಿಯನ್ನು ಒಮ್ಮೆಯೂ ಮುಟ್ಟದೆ ಲೈಸೆನ್ಸ್ ಪಡೆಯುತ್ತಾರೆ. ಒಣ ಡಾಂಬರಿನ ಮೇಲೆ ಅದರಿಂದ ಏನೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನೆಲ ಜಾರತೊಡಗಿದ ಮೇಲೆ.

ನಮ್ಮ ಅಣ್ಣನ ಮಗ ಓದಲಿಕ್ಕೆಂದು ಮಾಂಟ್ರಿಯಲ್‌ಗೆ ಹೋದವನು ಅಲ್ಲೇ ನೌಕರಿ ಹಿಡಿದ. ದಸರೆ ದಾಟಿ ದೀಪಾವಳಿ ಬರುವುದರೊಳಗೆ ಒಂದು ಹಳೆಯ ಜರ್ಮನ್ ಕಾರನ್ನೂ ಕೊಂಡ. ಫೋಟೋ ಕಳಿಸಿದ್ದ, ಕರಿ ಬಣ್ಣ, ಭಾರೀ ಮಿಂಚು. ಬೆಲೆ ಕೇಳಿ ಅಣ್ಣನಿಗೂ ಆಶ್ಚರ್ಯ, ಇಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು ಅಂತ. ಉತ್ತರ ಮೊದಲ ಹಿಮ ಬಿದ್ದ ದಿನ ಸಿಕ್ಕಿತು. ರಾತ್ರಿ ನನಗೆ ವಿಡಿಯೋ ಕಾಲ್ ಮಾಡಿದ.

"ಕಾಕಾ, ಸಿಗ್ನಲ್ ಬಿಟ್ಟ ಮ್ಯಾಲ ಎಡಕ್ಕ ಹೊಳ್ಳಿಸಿದೆ. ಮುಂದಿಂದು ಹೊಳ್ಳಿತು, ಹಿಂದಿಂದು ತನ್ನ ಪಾಡಿಗೆ ತಾ ನಡೀತು. ಇದು ಹಿಂದಿನ ಗಾಲಿ ಗಾಡಿ ಐತಿ ನೋಡು. ನೀ ಎರಿಯೊಳಗ ಬೊಲೆರೊ ಹೊಡದಾಂವ, ಏನ್ ಮಾಡ್ಲಿ ಹೇಳು."

ಹಿಮವನ್ನು ನಾನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿದವನಲ್ಲ. ಆದರೂ ಅವನ ಪ್ರಶ್ನೆ ದಡ್ಡ ಪ್ರಶ್ನೆಯಾಗಿರಲಿಲ್ಲ. ನವಲಗುಂದ, ಅಣ್ಣಿಗೇರಿ, ರೋಣದ ಎರಿ ಭೂಮಿಯಲ್ಲಿ, ಅಂದರೆ ಕರಿ ಮಣ್ಣಿನ ನೆಲದಲ್ಲಿ, ಮಳೆಗಾಲದಲ್ಲಿ ಗಾಡಿ ಹೊಡೆದವನಿಗೆ ಹಿಡಿತವಿಲ್ಲದ ನೆಲ ಅಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಹೊಗುವಷ್ಟು ಬಿರುಕು ಬಿಡುವ ಮಣ್ಣು ನೀರು ಕುಡಿದೊಡನೆ ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ, ಮೇಲ್ಮೈ ಎಣ್ಣೆ ಸವರಿದಂತಾಗುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲದ ಹಾದಿಯಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಗಾಡಿ ಹೋದೀತು. ಎರಿ ಹಾದಿಯಲ್ಲಿ ಬಿಸಿಲು ಬಿದ್ದು ಎರಡು ದಿನವಾದರೂ ಗಾಡಿಯನ್ನು ಡಾಂಬರಿನ ಬದಿಗೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಊರಿಗೆ ನಡೆಯುವುದೇ ಶಾಣ್ಯಾತನ. ಹಸ್ತ, ಚಿತ್ತಿ ಮಳೆ ಹಿಡಿದುಕೊಂಡರಂತೂ ಕಡಲಿ ಬಿತ್ತಲು ಬೀಜ ಒಯ್ಯುವುದಕ್ಕೂ ಎತ್ತಿನ ಬಂಡಿಯೇ ಗತಿ.

ಅದರಲ್ಲೂ ಹೆಚ್ಚು ಮೋಸ ಮಾಡುವುದು ಮೊದಲ ಮಳೆ. ಮೃಗಶಿರದ ಹದವಾದ ಮಳೆ ಬಿದ್ದು ಮೇಲಿನ ಅರ್ಧ ಇಂಚು ಮಾತ್ರ ನೆನೆದು, ಕೆಳಗೆ ನೆಲ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ನೋಡಲಿಕ್ಕೆ ಹಾದಿ ಚಂದ ಕಾಣುತ್ತದೆ. ಗಾಲಿ ಮಾತ್ರ ಆ ತೆಳ್ಳನೆಯ ಪದರದ ಮೇಲೆ ತೇಲಿಬಿಡುತ್ತದೆ. ಪೂರ್ತಿ ಹುದಲಾದ ಹಾದಿಯನ್ನು ಕಂಡರೆ ಯಾವನೂ ಒಳಗೆ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಅಪಘಾತವೂ ಕಡಿಮೆ. ಹಿಮದ ಊರುಗಳಲ್ಲೂ ಲೆಕ್ಕ ಹೀಗೆಯೇ ಇದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಮಂಜುಗಡ್ಡೆಗಿಂತ ಸೊನ್ನೆಯ ಆಸುಪಾಸಿನ ಮಂಜುಗಡ್ಡೆ ಹೆಚ್ಚು ಜಾರುತ್ತದೆ, ಯಾಕೆಂದರೆ ಅದರ ಮೇಲೆ ಕರಗಿದ ನೀರಿನ ತೆಳು ಪದರ ಇರುತ್ತದೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರು ಡಾಂಬರಿನ ಬಣ್ಣವನ್ನೇ ತೋರಿಸುತ್ತ ಕಣ್ಣಿಗೆ ಕಾಣದಂತೆ ಮಲಗಿರುತ್ತದೆ. ಸೇತುವೆಯ ಮೇಲೆ ಇದು ಮೊದಲು ಕಟ್ಟುತ್ತದೆ, ಕೆಳಗಿನಿಂದಲೂ ಗಾಳಿ ಆಡುವುದರಿಂದ ಅಲ್ಲಿ ರಸ್ತೆ ಬೇಗ ತಣ್ಣಗಾಗುತ್ತದೆ. ಬಿಳಿ ಹಿಮಕ್ಕಿಂತ ಈ ಕರಿ ರಸ್ತೆಗೆ ಅಂಜು ಅಂತ ಅವನಿಗೆ ಮೊದಲು ಹೇಳಿದೆ.

ಇನ್ನು ಹಿಂದಿನ ಗಾಲಿಯ ಗಾಡಿಗೇ ಯಾಕೆ ಈ ಹೆಚ್ಚಿನ ತ್ರಾಸು? ಟೈರಿನ ಹಿಡಿತ ಅನ್ನುವುದು ಸಂತೆಗೆ ಒಯ್ದ ರೊಕ್ಕ ಇದ್ದಂಗೆ. ಗಾಡಿ ಮುಂದೆ ನೂಕಲಿಕ್ಕೂ ಅದರಲ್ಲೇ ಖರ್ಚು, ನಿಲ್ಲಿಸಲಿಕ್ಕೂ ಅದರಲ್ಲೇ, ತಿರುವಿನಲ್ಲಿ ಗಾಡಿ ಹೊರಗೆ ಹಾರದಂತೆ ಹಿಡಿಯಲಿಕ್ಕೂ ಅದರಲ್ಲೇ. ಒಣ ರಸ್ತೆಯಲ್ಲಿ ಕಿಸೆ ತುಂಬಿರುತ್ತದೆ, ಎಷ್ಟು ಖರ್ಚಾದರೂ ಗೊತ್ತಾಗುವುದಿಲ್ಲ. ಹಿಮದ ಮೇಲೆ ಚಿಲ್ಲರೆ ಮಾತ್ರ ಇರುತ್ತದೆ. ತಿರುವಿನಲ್ಲಿ ಎಕ್ಸಿಲೇಟರ್ ಒತ್ತಿದರೆ ಹಿಂದಿನ ಟೈರುಗಳು ಇದ್ದದ್ದನ್ನೆಲ್ಲ ನೂಕುವುದಕ್ಕೇ ಕೊಟ್ಟು ಬಿಡುತ್ತವೆ, ಅಡ್ಡ ಜಾರದಂತೆ ಹಿಡಿಯಲು ಏನೂ ಉಳಿಯುವುದಿಲ್ಲ. ಆಗ ಬಾಲ ಹೊರಗೆ ಬರುತ್ತದೆ. ಮುಂದಿನ ಗಾಲಿಯ ಗಾಡಿಯಲ್ಲಿ ಇದೇ ತಪ್ಪಿಗೆ ಮೂತಿ ಸೀದಾ ಹೋಗುತ್ತದೆ, ತಿರುಗುವುದಿಲ್ಲ. ಅದೂ ಕೆಟ್ಟದ್ದೇ, ಆದರೆ ಕಾಲು ತೆಗೆದರೆ ಬಹಳಷ್ಟು ಸಲ ಅದು ತಾನೇ ಸರಿಯಾಗುತ್ತದೆ. ಬಾಲ ಹೊರಬಂದ ಗಾಡಿಗೆ ಕಾಲು ತೆಗೆದರಷ್ಟೇ ಸಾಲದು, ಕೈಗೂ ಕೆಲಸವಿದೆ.

ಅದಕ್ಕೆ ಹಿಂದಿನ ಗಾಲಿಯ ಗಾಡಿಯ ಪಾಠ ಬಲಗಾಲಿನಿಂದ ಶುರುವಾಗಬೇಕು. ಎರಿ ಹಾದಿಯಲ್ಲಿ ನಮ್ಮ ಕ್ರೂಸರ್ ಡ್ರೈವರುಗಳು ನಿಂತ ಗಾಡಿಯನ್ನು ಎಬ್ಬಿಸುವುದನ್ನು ನೋಡಬೇಕು. ಒಂದನೇ ಗೇರಿನಲ್ಲಿ ಜೋರು ಹೆಚ್ಚು, ಗಾಲಿ ಗಕ್ಕನೆ ತಿರುಗಿ ಅಲ್ಲೇ ಗುಂಡಿ ತೋಡಿಬಿಡುತ್ತದೆ. ಎರಡನೇ ಗೇರು ಹಾಕಿ, ಕ್ಲಚ್ಚನ್ನು ಕೂಸಿನ ಬೆನ್ನ ಮೇಲಿನ ಕೈ ತೆಗೆಯುವಷ್ಟು ನಿಧಾನ ಬಿಟ್ಟು ಎಬ್ಬಿಸುತ್ತಾರೆ. ಅಣ್ಣನ ಮಗನ ಕಾರಿಗೆ ಕ್ಲಚ್ಚೇ ಇಲ್ಲ, ಗೇರು ತಾನೇ ಹಾಕಿಕೊಳ್ಳುವಂಥದ್ದು. ಆದರೆ ಅಂಥ ಎಷ್ಟೋ ಗಾಡಿಗಳಲ್ಲಿ ಚಳಿಗಾಲಕ್ಕೆಂದೇ ಒಂದು ಬಟನ್ ಇರುತ್ತದೆ, ಒತ್ತಿದರೆ ಗಾಡಿ ಎರಡನೇ ಗೇರಿನಿಂದಲೇ ಏಳುತ್ತದೆ. "ಹುಡುಕಿ ನೋಡು" ಅಂದೆ. ಗೇರಿನ ಪಕ್ಕದಲ್ಲೇ ಇತ್ತು.

ಆಮೇಲೆ ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. "ಒಂದ ಗಾಲಿ ಅಷ್ಟ ಗರಗರ ತಿರುಗತೈತಿ, ಇನ್ನೊಂದು ಸುಮ್ನ ನಿಂತಿರತೈತಿ. ಎಂಜಿನ್ ಜೋರು ಎರಡಕ್ಕೂ ಹೋಗಬೇಕಲ್ಲ?"

ಇದಕ್ಕೆ ಉತ್ತರ ಡಿಫ್ರೆನ್ಶಿಯಲ್‌ನಲ್ಲಿದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು, ಎರಡನ್ನೂ ಒಂದೇ ಕಂಬಿಗೆ ಬಿಗಿದರೆ ಟೈರು ಉಜ್ಜಿಹೋಗುತ್ತವೆ. ಅದಕ್ಕೆ ನಡುವೆ ಹಲ್ಲುಗಾಲಿಗಳ ಜೋಡಣೆ ಇಟ್ಟು ಎರಡೂ ಗಾಲಿಗೆ ಬೇರೆ ಬೇರೆ ವೇಗದ ಸ್ವಾತಂತ್ರ್ಯ ಕೊಟ್ಟರು. ಈ ಸ್ವಾತಂತ್ರ್ಯದ ಬೆಲೆ ಏನೆಂದರೆ, ಎರಡೂ ಕಡೆ ಸಮನಾದ ಜೋರೇ ಹೋಗುತ್ತದೆ, ಮತ್ತು ಎಷ್ಟು ಹೋಗಬೇಕೆಂಬುದನ್ನು ಜಾರುವ ಗಾಲಿಯೇ ತೀರ್ಮಾನಿಸುತ್ತದೆ. ಹಿಮದ ಮೇಲಿರುವ ಗಾಲಿ ತಿರುಗಲು ಅಲ್ಪ ಜೋರು ಸಾಕು, ಒಣ ನೆಲದ ಮೇಲಿರುವ ಗಾಲಿಗೂ ಅಷ್ಟೇ ಅಲ್ಪ ಜೋರು ಸಿಗುತ್ತದೆ, ಅದು ಅಲ್ಲಾಡುವುದಿಲ್ಲ. ನಮ್ಮ ರೈತರಿಗೆ ಇದು ಹೊಸದಲ್ಲ. ಟ್ರ್ಯಾಕ್ಟರಿನ ಒಂದು ಹಿಂಗಾಲಿ ಹುದಲಿಗೆ ಇಳಿದು ಸುತ್ತತೊಡಗಿದರೆ ಕಾಲ ಹತ್ತಿರ ಇರುವ ಡಿಫ್ ಲಾಕ್ ಪೆಡಲ್ ಒತ್ತುತ್ತಾರೆ, ಎರಡೂ ಗಾಲಿ ಒಂದಾಗಿ ತಿರುಗಿ ಟ್ರ್ಯಾಕ್ಟರ್ ಎದ್ದು ಬರುತ್ತದೆ. ಲಾಕ್ ಒತ್ತಿದಾಗ ಟ್ರ್ಯಾಕ್ಟರ್ ತಿರುಗಿಸಬಾರದು, ಎದ್ದೊಡನೆ ಬಿಡಬೇಕು ಅನ್ನುವುದು ಹದಿನಾರು ವರ್ಷದ ಹುಡುಗನಿಗೂ ಗೊತ್ತು. (ಹದಿನಾರರ ಹುಡುಗ ಟ್ರ್ಯಾಕ್ಟರ್ ಹೊಡೆಯಬಾರದು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.) ಸಾದಾ ಕಾರಿನಲ್ಲಿ ಆ ಪೆಡಲ್ ಇರುವುದಿಲ್ಲ. ಹೊಸ ಕಾರುಗಳಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಸುತ್ತುವ ಗಾಲಿಗೆ ತಾನೇ ಬ್ರೇಕ್ ಹಿಡಿಯುತ್ತದೆ, ಆಗ ಇನ್ನೊಂದು ಗಾಲಿಗೂ ಜೋರು ಸಿಗುತ್ತದೆ.

ಟ್ರ್ಯಾಕ್ಟರಿನಿಂದ ಕಲಿಯಬೇಕಾದದ್ದು ಇನ್ನೊಂದಿದೆ, ತೂಕ. ನಮ್ಮಲ್ಲಿ ಹಿಂದಿನ ದೊಡ್ಡ ಗಾಲಿಗಳ ಟ್ಯೂಬಿಗೆ ಮುಕ್ಕಾಲು ಪಾಲು ನೀರು ತುಂಬಿಸುತ್ತಾರೆ, ಬೀಡು ಕಬ್ಬಿಣದ ಗುಂಡು ತೂಕಗಳನ್ನು ಗಾಲಿಗೆ ಬಿಗಿಯುತ್ತಾರೆ. ನೂಕುವ ಗಾಲಿಯ ಮೇಲೆ ಭಾರ ಇದ್ದಷ್ಟೂ ಅದು ನೆಲ ಕಚ್ಚುತ್ತದೆ. ಖಾಲಿ ಪಿಕಪ್ ಮಳೆಯಲ್ಲಿ ಕುಣಿಯುವುದು, ಅದೇ ಪಿಕಪ್ ಹತ್ತು ಚೀಲ ಕಡಲಿ ಹೇರಿದ ಮೇಲೆ ಗಂಭೀರವಾಗಿ ನಡೆಯುವುದು ಇದರಿಂದಲೇ. ಮುಂದಿನ ಗಾಲಿಯ ಕಾರಿನಲ್ಲಿ ಎಂಜಿನ್ ನೂಕುವ ಗಾಲಿಗಳ ಮೇಲೆಯೇ ಕೂತಿರುತ್ತದೆ, ಒಟ್ಟು ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂದೆ. ಹಿಂದಿನ ಗಾಲಿಯ ಕಾರಿನಲ್ಲಿ ಆ ಅನುಕೂಲ ಇಲ್ಲ. ಹಿಮದ ದೇಶಗಳಲ್ಲಿ ಡಿಕ್ಕಿಯೊಳಗೆ ಮರಳಿನ ಚೀಲ ಇಡುವ ಹಳೆಯ ರೂಢಿ ಬಂದದ್ದು ಇದಕ್ಕೇ. ಎರಡು ಮಾತು ಮಾತ್ರ ಮರೆಯಬಾರದು. ಚೀಲ ಆಕ್ಸಲ್ಲಿನ ನೇರಕ್ಕೆ ಇರಬೇಕು, ತೀರಾ ಹಿಂದಕ್ಕೆ ಇಟ್ಟರೆ ಬಾಲ ಜಾರಿದಾಗ ಆ ಭಾರವೇ ಅದನ್ನು ಇನ್ನಷ್ಟು ಬೀಸುತ್ತದೆ. ಮತ್ತು ಅಲುಗದಂತೆ ಕಟ್ಟಿರಬೇಕು. ಭಾರ ಎಬ್ಬಿಸಲಿಕ್ಕೆ ಸಹಾಯ ಮಾಡುತ್ತದೆಯೇ ಹೊರತು ನಿಲ್ಲಿಸಲಿಕ್ಕೆ ಅಲ್ಲ, ಅದಕ್ಕೆ ಸಿಕ್ಕಷ್ಟು ಹೇರುವುದೂ ಬೇಡ.

ಬಾಲ ಜಾರಿದಾಗ ಮಾಡಬೇಕಾದದ್ದನ್ನು ಬರೆಯುವುದು ಸುಲಭ, ಆ ಒಂದು ಕ್ಷಣದಲ್ಲಿ ಮಾಡುವುದು ಕಷ್ಟ. ಎಕ್ಸಿಲೇಟರಿನಿಂದ ಕಾಲು ತೆಗೆ. ಬ್ರೇಕ್ ಮೇಲೆ ಎಗರಬೇಡ. ಹಿಂಭಾಗ ಯಾವ ಕಡೆ ಹೋಗುತ್ತಿದೆಯೋ ಸ್ಟೇರಿಂಗನ್ನು ಅದೇ ಕಡೆ ತಿರುಗಿಸು. ಬಾಲ ಬಲಕ್ಕೆ ಹೋದರೆ ಸ್ಟೇರಿಂಗ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಇಲ್ಲಿ ಬಹಳ ಮಂದಿ ಕೆಡುವುದು ಮೊದಲ ಜಾರಿನಲ್ಲಿ ಅಲ್ಲ, ಎರಡನೆಯದರಲ್ಲಿ. ಗಾಬರಿಯಿಂದ ಸ್ಟೇರಿಂಗ್ ಜಾಸ್ತಿ ತಿರುಗಿಸಿರುತ್ತಾರೆ, ಟೈರಿಗೆ ಹಿಡಿತ ಸಿಕ್ಕೊಡನೆ ಗಾಡಿ ಸಟ್ಟನೆ ಎದುರು ದಿಕ್ಕಿಗೆ ಬೀಸುತ್ತದೆ, ಅದು ಮೊದಲಿನದಕ್ಕಿಂತ ಜೋರಾಗಿರುತ್ತದೆ. ಹಾಗಾಗಿ ಬಾಲ ಹಿಂದಕ್ಕೆ ಬರತೊಡಗಿದೊಡನೆ ಸ್ಟೇರಿಂಗ್ ನೇರ ಮಾಡುತ್ತ ಬರಬೇಕು. ಕಣ್ಣು ಎಲ್ಲಿ ನೋಡುತ್ತದೋ ಕೈ ಅಲ್ಲಿಗೆ ಒಯ್ಯುತ್ತದೆ. ಹೋಗಬೇಕಾದ ಹಾದಿ ನೋಡಬೇಕು, ಬಡಿಯಬಾರದ ಕಂಬವನ್ನಲ್ಲ. ಎರಿ ಹಾದಿಯಲ್ಲಿ ಗಾಡಿ ಅಡ್ಡಾದಾಗ ಡ್ರೈವರು ಬದಿಯ ಹಳ್ಳವನ್ನೇ ದಿಟ್ಟಿಸಿ ನೋಡಿ, ನೆಟ್ಟಗೆ ಅದರೊಳಗೇ ಇಳಿಸಿದ್ದನ್ನು ನಮ್ಮ ಕಡೆ ಯಾರು ನೋಡಿಲ್ಲ?

ಇದನ್ನು ಫೋನಿನಲ್ಲಿ ಕಲಿಸಲಿಕ್ಕಾಗುವುದಿಲ್ಲ. ಹಿಮ ಬಿದ್ದ ದಿನ ದೊಡ್ಡ ಖಾಲಿ ಮೈದಾನ ಹುಡುಕಿ, ಮಾಲಕರ ಅಪ್ಪಣೆ ಕೇಳಿ, ಸಣ್ಣ ವೇಗದಲ್ಲಿ ಬೇಕೆಂತಲೇ ಬಾಲ ಜಾರಿಸಿ ಹಿಡಿದು ನೋಡು ಅಂದೆ. ಕೈಗೆ ಒಮ್ಮೆ ಗೊತ್ತಾದರೆ ತಲೆಗೆ ಕೆಲಸ ಕಡಿಮೆ.

ನನ್ನ ಎರಿ ವಿದ್ಯೆ ಇಲ್ಲಿಯ ತನಕ ನಡೆಯಿತು. ಮುಂದಿನದಕ್ಕೆ ಬೆಟಗೇರಿಯಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ, ಫೌಜಿನಲ್ಲಿ ಡ್ರೈವರಾಗಿ ಲಡಾಖ್ ಕಡೆ ಟ್ರಕ್ ಹೊಡೆದು ನಿವೃತ್ತರಾದವರು. ಅವರನ್ನು ಚಹಾಕ್ಕೆ ಕೂರಿಸಿಕೊಂಡು ಕೇಳಿದೆ. ಅವರು ಮೊದಲು ಹೇಳಿದ್ದೇ ಗೇರಿನ ಮಾತು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನಿನಿಂದ ಗಾಡಿ ತಡೆಯುವುದು ಎಲ್ಲ ಘಟ್ಟದ ಡ್ರೈವರುಗಳ ಮೊದಲ ಪಾಠ. ಅರಬೈಲು ಘಟ್ಟದಲ್ಲಿ ಅದು ಪ್ರಾಣ ಉಳಿಸುತ್ತದೆ. ಮಂಜುಗಡ್ಡೆಯ ಮೇಲೆ ಹಿಂದಿನ ಗಾಲಿಯ ಗಾಡಿಯಲ್ಲಿ ಅದೇ ಪಾಠವನ್ನು ಗಕ್ಕನೆ ಮಾಡಿದರೆ ತಿರುಗುಬಾಣ. ಎಂಜಿನ್ನಿನ ತಡೆ ನಾಲ್ಕೂ ಗಾಲಿಗೆ ಹೋಗುವುದಿಲ್ಲ, ಹಿಂದಿನ ಎರಡಕ್ಕೆ ಮಾತ್ರ.

"ಹ್ಯಾಂಡ್‌ಬ್ರೇಕ್ ಎಳದಂಗ ಆತಲ್ಲ ಅದು. ಹಿಂದಿನ ಗಾಲಿ ಗಪ್ ಆತು ಅಂದ್ರ ಗಾಡಿ ಗಿರ್ರನ ತಿರುಗತೈತಿ. ಇಳಕಲಿಗೆ ಬರೂಕಿಂತ ಮೊದಲ, ಸಪಾಟ ಜಾಗಾದಾಗ ಗೇರ್ ಇಳಿಸಿಬಿಡಬೇಕು. ಇಳ್ಯಾಕ ಹತ್ತಿದ ಮ್ಯಾಲ ಏನೂ ಬದಲಾಯಿಸಬಾರದು" ಅಂದರು.

ಸರಪಳಿಯ ಮಾತೂ ಬಂತು. ಟೈರಿಗೆ ಕಟ್ಟುವ ಸರಪಳಿಯನ್ನು ಎಂಜಿನ್ನಿನ ಜೋರು ಬರುವ ಗಾಲಿಗೇ ಕಟ್ಟಬೇಕು, ಅಂದರೆ ಬೊಲೆರೊಗೆ ಹಿಂದೆ, ಸ್ವಿಫ್ಟಿಗೆ ಮುಂದೆ. ಕಟ್ಟಿದ ಮೇಲೆ ಗಂಟೆಗೆ 40, ಹೆಚ್ಚೆಂದರೆ 50 ಕಿಮೀ ದಾಟಬಾರದು. ಹಿಮ ಮುಗಿದು ಬರಿ ಡಾಂಬರು ಕಂಡೊಡನೆ ಬಿಚ್ಚಬೇಕು, ಇಲ್ಲದಿದ್ದರೆ ಸರಪಳಿಯೂ ಹಾಳು, ಟೈರೂ ಹಾಳು.

ಇಷ್ಟೆಲ್ಲ ಹೇಳಿದ ಮೇಲೆ, ಒಂದೇ ಒಂದು ಮಾತು ಉಳಿಸಿಕೊಂಡು ಉಳಿದದ್ದನ್ನು ಬಿಡು ಅಂದರೆ ನಾನು ಟೈರಿನ ಮಾತನ್ನು ಉಳಿಸಿಕೊಳ್ಳುತ್ತೇನೆ. ಸಾದಾ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ, ರಸ್ತೆಯ ತರಕಲನ್ನು ಕಚ್ಚುವುದಿಲ್ಲ. ನಮ್ಮ ಊರುಗಳ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ, ಹಾಗಾಗಿ ನಮಗೆ ಈ ಯೋಚನೆಯೇ ಬಂದಿಲ್ಲ. ಚಳಿಗಾಲದ ಟೈರು ಬೇರೆ ರಬ್ಬರಿನದು, ಆ ಥಂಡಿಯಲ್ಲೂ ಮೆತ್ತಗೆ ಉಳಿಯುತ್ತದೆ, ಅದರ ಗುಬಟಿಗಳಲ್ಲಿ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು ತುಂಬಿರುತ್ತವೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಇರಬೇಕು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಇದು ಕಾನೂನಿನಿಂದಲೇ ಕಡ್ಡಾಯ. ನಮ್ಮವನು ರೊಕ್ಕ ಉಳಿಸಲು ಹಿಂದಿನ ಎರಡಕ್ಕೆ ಮಾತ್ರ ಹಾಕಿಸಲೇ ಎಂದು ಕೇಳಿದ. ನೂಕುವ ಗಾಲಿ ಅವೇ ತಾನೇ ಅಂತ ಅವನ ತರ್ಕ. ಗಾಡಿ ತಿರುಗುವುದು, ನಿಲ್ಲುವುದರಲ್ಲಿ ಬಹುಪಾಲು ಕೆಲಸ ಮುಂದಿನವುಗಳದ್ದು. ನಾಲ್ಕೂ ಒಂದೇ ಆಗಿರಬೇಕು.

ಸ್ವೀಡನ್ನಿನವರು 1974ರಿಂದ 1993ರ ತನಕ ವೋಲ್ವೊ 240 ಎಂಬ ಕಾರು ಮಾಡಿದರು, ಹಿಂದಿನ ಗಾಲಿಯದು. ಅಲ್ಲಿಯ ಚಳಿಗಾಲದಲ್ಲೂ ಹಿಮ ಬೀಳುತ್ತದೆ. ಆ ಕಾರಿನಲ್ಲೇ ಅಲ್ಲಿಯ ಎಷ್ಟೋ ಸಂಸಾರಗಳು ಮಕ್ಕಳನ್ನು ಶಾಲೆಗೆ ಬಿಟ್ಟು, ದಿನಸಿ ತಂದು, ಬಾಳುವೆ ಮಾಡಿದವು. ಹಾಗಾಗಿ ಹಿಂದಿನ ಗಾಲಿಯ ಗಾಡಿ ಹಿಮಕ್ಕೆ ಆಗುವುದೇ ಇಲ್ಲ ಅನ್ನುವವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಬೇಸಿಗೆ ಟೈರು ಹಾಕಿದ ನಾಲ್ಕು ಗಾಲಿ ಜೋರಿನ ಗಾಡಿಗಿಂತ, ಚಳಿಗಾಲದ ಟೈರು ಹಾಕಿದ ಹಿಂದಿನ ಗಾಲಿಯ ಕಾರು ತಿರುವಿನಲ್ಲಿ, ಬ್ರೇಕಿನಲ್ಲಿ ನಂಬಿಕಸ್ಥ. ನಾಲ್ಕು ಗಾಲಿಗೂ ಜೋರು ಬಂದರೆ ಗಾಡಿ ಬೇಗ ಏಳುತ್ತದೆ ಅಷ್ಟೇ. ನಿಲ್ಲಿಸುವಾಗ ಎಲ್ಲ ಗಾಡಿಗೂ ಇರುವುದು ನಾಲ್ಕೇ ಟೈರು. ಬೇಗ ಎದ್ದ ಗಾಡಿಯವನಿಗೆ ರಸ್ತೆ ಜಾರುತ್ತಿದೆ ಎಂಬುದೇ ಬ್ರೇಕ್ ಒತ್ತುವ ತನಕ ಗೊತ್ತಾಗುವುದಿಲ್ಲ.

ನಿಲ್ಲುವ ದೂರದ ಲೆಕ್ಕ ಅವನಿಗೆ ಬರೆದು ಕಳಿಸಿದೆ, ಎಂಜಿನಿಯರ್ ಮನುಷ್ಯ, ಮಾತಿಗಿಂತ ಅಂಕಿಗೆ ಬೆಲೆ ಕೊಡುತ್ತಾನೆ. ಗಂಟೆಗೆ 50 ಕಿಮೀ ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 14 ಮೀಟರಿಗೆ ಗಾಡಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 50 ಮೀಟರ್. ನುಣುಪು ಮಂಜುಗಡ್ಡೆಯ ಮೇಲೆ 100ರ ಹತ್ತಿರ. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡುವ 14 ಮೀಟರ್ ಇದರ ಮೇಲೆ. ವೇಗ ಅರ್ಧಕ್ಕೆ ಇಳಿಸಿದರೆ ಬ್ರೇಕಿನ ದೂರ ಕಾಲು ಭಾಗಕ್ಕೆ ಇಳಿಯುತ್ತದೆ, ಅರ್ಧಕ್ಕಲ್ಲ. ಈ ಒಂದು ಸಾಲನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಮಳೆಯಲ್ಲಿ ಬಂಪರಿಗೆ ಬಂಪರ್ ಹಚ್ಚಿ ಓಡಿಸುವವರೂ ಓದಬೇಕು.

ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕ್ ಗಟ್ಟಿ ಒತ್ತಿದಾಗ ಪೆಡಲ್ ಕಾಲ ಕೆಳಗೆ ಗಡಗಡ ನಡುಗುತ್ತದೆ. ಗಾಡಿ ಕೆಟ್ಟಿತೆಂದು ಹೆದರಿ ಕಾಲು ತೆಗೆಯುವವರಿದ್ದಾರೆ. ತೆಗೆಯಬಾರದು, ಒತ್ತಿಯೇ ಹಿಡಿದು ಸ್ಟೇರಿಂಗ್ ತಿರುಗಿಸಬೇಕು. ಗಾಲಿ ಬಿಗಿಯದೆ ತಿರುಗುತ್ತಿರಲಿ, ಸ್ಟೇರಿಂಗಿಗೆ ಮಾತು ಕೇಳಲಿ ಎಂಬುದಕ್ಕೇ ಅದು ಇರುವುದು. ಸಡಿಲ ಹಿಮದಲ್ಲಿ, ನಮ್ಮ ಕಡೆ ಗರ್ಸಿನ ರಸ್ತೆಯಲ್ಲಿ, ಎಬಿಎಸ್ ಇದ್ದರೆ ನಿಲ್ಲುವ ದೂರ ಸ್ವಲ್ಪ ಹೆಚ್ಚಾಗಲೂಬಹುದು. ಬಿಗಿದ ಗಾಲಿ ಮುಂದೆ ಗುಡ್ಡೆ ಮಾಡಿಕೊಂಡು ಅದಕ್ಕೇ ತಡೆಯುತ್ತದಲ್ಲ, ಎಬಿಎಸ್ ಆ ಗುಡ್ಡೆ ಕಟ್ಟಲು ಬಿಡುವುದಿಲ್ಲ. ಕೆನಡಾದಲ್ಲಿ 2011ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ ಸ್ಥಿರತೆ ನಿಯಂತ್ರಣ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ. ಬಾಲ ಜಾರಿದ್ದನ್ನು ಅರಿತು ಬೇಕಾದ ಒಂದೇ ಗಾಲಿಗೆ ಬ್ರೇಕ್ ಕೊಟ್ಟು ಗಾಡಿಯನ್ನು ನೇರ ಮಾಡಲು ನೋಡುತ್ತದೆ. ಹಿಂದಿನ ಗಾಲಿಯ ಗಾಡಿಗೆ ಇದು ದೊಡ್ಡ ಆಸರೆ. ನೆಲದಲ್ಲಿ ಇಲ್ಲದ ಹಿಡಿತವನ್ನು ಮಾತ್ರ ಯಾವ ಯಂತ್ರವೂ ಹುಟ್ಟಿಸಲಾರದು.

ಎರಿಯ ಬುದ್ಧಿ ಹಿಮಕ್ಕೆ ಸಲ್ಲದ ಕಡೆಗಳೂ ಇವೆ, ಅವನ್ನೂ ಬರೆಯಬೇಕು. ರಾಡಿಯಲ್ಲಿ ಟೈರಿನ ಗುಬಟಿಗಳ ಸಂದಿನಲ್ಲಿ ಮಣ್ಣು ಮೆತ್ತಿಕೊಂಡಿತೆಂದರೆ ಟೈರು ನುಣ್ಣನೆಯ ಉರುಳೆಯಾಯಿತೆಂದೇ ಲೆಕ್ಕ. ಅದಕ್ಕೆ ನಮ್ಮವರು ಸ್ವಲ್ಪ ಗಾಲಿ ಸುತ್ತಿಸಿ ಮಣ್ಣು ಹಾರಿಸುತ್ತಾರೆ. ಹಿಮ ಹಾಗಲ್ಲ. ಸಂದಿನಲ್ಲಿ ತುಂಬಿದ ಹಿಮ ಕೆಳಗಿನ ಹಿಮವನ್ನು ಹಿಡಿದುಕೊಳ್ಳುತ್ತದೆ, ಹಿಮಕ್ಕೆ ಹಿಮ ಅಂಟುತ್ತದೆ, ಟೈರಿಗೆ ಅದರಿಂದ ಲಾಭವೇ. ಅಲ್ಲಿ ಗಾಲಿ ಸುತ್ತಿಸಿದರೆ ಆ ಬಿಸಿಗೆ ಹಿಮ ಕರಗಿ, ಮರುಕ್ಷಣ ಗಾಜಿನಂತೆ ಹೆಪ್ಪುಗಟ್ಟಿ, ಇದ್ದ ದಾರಿಯೂ ಹೋಗುತ್ತದೆ. ಹುದಲಿನಲ್ಲಿ ಟೈರಿನ ಗಾಳಿ ಕಡಿಮೆ ಮಾಡಿ ಅಗಲ ಮಾಡಿಕೊಳ್ಳುವುದು ನಮ್ಮ ರೂಢಿ. ಪೇಟೆಯ ಹಿಮದ ರಸ್ತೆಗೆ ಅದು ಬೇಡ. ಅಲ್ಲಿ ಅಗಲಕ್ಕಿಂತ ಸಪೂರ ಟೈರೇ ಹಿಮ ಸೀಳಿ ಕೆಳಗಿನ ರಸ್ತೆ ಮುಟ್ಟುತ್ತದೆ. ಥಂಡಿಗೆ ಗಾಳಿ ತಾನೇ ಕುಗ್ಗುತ್ತದೆ, 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ). ಅದನ್ನು ಆಗಾಗ ತುಂಬಿಸುತ್ತಿರಬೇಕು.

ಈ ನಡುವೆ ಹುಬ್ಬಳ್ಳಿ, ಹಾವೇರಿ ಕಡೆಯಿಂದ ಡಿಸೆಂಬರಿನಲ್ಲಿ ಮನಾಲಿಗೆ ಹೋಗುವವರ ಸಂಖ್ಯೆ ಏರಿದೆ. 2020ರ ಅಕ್ಟೋಬರ್ 3ರಂದು 9.02 ಕಿಮೀ ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಟ್ಟ ಏರದೆ ಆ ಕಡೆಯ ಹಿಮಕ್ಕೆ ನೇರ ಹೋಗಬಹುದು. ಸುರಂಗದ ಒಳಗೆ ರಸ್ತೆ ಒಣಗಿರುತ್ತದೆ, ವೇಗ ಹಿಡಿದಿರುತ್ತೇವೆ, ಬಾಯಿ ದಾಟಿದ ಮರುಕ್ಷಣ ಹಿಮ. ನಮ್ಮವರು ಬಾಡಿಗೆ ಗಾಡಿ ತೆಗೆದುಕೊಂಡು ತಾವೇ ಹೊಡೆಯಲು ಹೋಗುತ್ತಾರೆ. ನನ್ನ ಸಲಹೆ, ಅಲ್ಲಿ ಹಿಮ ಇರುವ ದಿನ ಸ್ಥಳೀಯ ಡ್ರೈವರಿಗೆ ರೊಕ್ಕ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರಿ. ಬಯಲುಸೀಮೆಯ ಮೂವತ್ತು ವರ್ಷದ ಅನುಭವ ಆ ಇಳಕಲಿನಲ್ಲಿ ಏನೂ ಅಲ್ಲ.

ಸಿಕ್ಕಿಬಿದ್ದಾಗ ಬಿಡಿಸಿಕೊಳ್ಳುವ ಉಪಾಯ ಮಾತ್ರ ಎರಡೂ ಕಡೆ ಒಂದೇ. ಎರಿಯಲ್ಲಿ ಗಾಲಿಯ ಕೆಳಗೆ ಗೋಣಿಚೀಲ, ಜೋಳದ ಕಣಿಕಿ ಹಾಕುತ್ತೇವೆ. ಅವನ ಊರಿನಲ್ಲಿ ಮರಳು ಹಾಕುತ್ತಾರಂತೆ, ಇಲ್ಲವೇ ಮನೆಯ ಬೆಕ್ಕು ಕೊಳೆ ಮಾಡಲು ಮಾರುವ ಹರಳು ಮಣ್ಣು. (ಅದಕ್ಕೂ ಅಂಗಡಿಯಲ್ಲಿ ರೊಕ್ಕ ಕೊಡಬೇಕೆಂದು ಕೇಳಿ ನಮ್ಮ ಅವ್ವ ಬಹಳ ಹೊತ್ತು ನಕ್ಕಳು.) ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು ಗಾಡಿ ತೂಗಿಸಿ, ಆ ಓಟದಲ್ಲೇ ಎಬ್ಬಿಸುವುದೂ ಒಂದೇ. ಆದರೆ ಹಿಮದಲ್ಲಿ ಸಿಕ್ಕು ಎಂಜಿನ್ ಚಾಲೂ ಇಟ್ಟು ಬೆಚ್ಚಗೆ ಕೂರುವವನು ಮೊದಲು ಇಳಿದು ಸೈಲೆನ್ಸರ್ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಲ್ಲವೆಂದು ನೋಡಲೇಬೇಕು. ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಗಾಡಿಯೊಳಗೆ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದಂತೆ ಆಗಿ ಜೀವ ಹೋಗುತ್ತದೆ. ನಮ್ಮ ರಾಡಿಗೆ ಇಲ್ಲದ ಅಪಾಯ ಇದು, ಇದನ್ನು ಮಾತ್ರ ಅವನಿಂದ ಎರಡು ಸಲ ಹೇಳಿಸಿದೆ.

ಕಡೆಗೆ ನನ್ನ ತೀರ್ಪು ಕೇಳಿದ, ಕಾರು ಇಟ್ಟುಕೊಳ್ಳಲೋ ಮಾರಲೋ ಅಂತ. ಟೈರು ಹಾಕಿಸಿ ಇಟ್ಟುಕೋ, ಹಿಮ ಬೀಳುವ ದಿನ ಮಾತ್ರ ಮನೆ ಮುಂದೆ ನಿಲ್ಲಿಸಿ ಮೆಟ್ರೋ ಹಿಡಿ ಅಂದೆ. 1966ರಿಂದ ಓಡುತ್ತಿರುವ ಅವರ ಮೆಟ್ರೋ ಪೂರ್ತಿ ನೆಲದ ಕೆಳಗೇ ಇದೆ, ಮೇಲೆ ಎಷ್ಟು ಬಿದ್ದರೂ ಅದಕ್ಕೆ ಸಂಬಂಧವಿಲ್ಲ.

"ಛಲೋ ಹೇಳಿದಿ ಕಾಕಾ. ಆದ್ರ ಇಲ್ಲೆ ಹಿಮಾ ಬಿದ್ದ ಮ್ಯಾಲ ರಸ್ತಾ ಬಳ್ಯಾಕ ಗಾಡಿ ಬರತಾವು. ಸೈರನ್ ಹೊಡೀತಾರ, ಅಷ್ಟರಾಗ ಕಾರು ತಗೀಲಿಲ್ಲ ಅಂದ್ರ ಎಳಕೊಂಡು ಹೋಗತಾರ. ಮೆಟ್ರೋದಾಗ ಅಡ್ಡಾಡಿದ್ರೂ, ಸಾಕಷ್ಟು ಹಿಮಾ ಬಿದ್ದ ರಾತ್ರಿನ ನಾ ಗಾಡಿ ತಗೀಬೇಕು."

"ಹಂಗಾರ ಸಲಿಕಿ ಡಿಕ್ಕಿಯೊಳಗ ಇಡಬ್ಯಾಡ" ಅಂದೆ. "ಮನಿಯೊಳಗ ಇಡು. ಡಿಕ್ಕಿ ತಗ್ಯಾಕ ಮೊದಲು ಸಲಿಕಿ ಬೇಕಾಗತೈತಿ."